ಹಳೇ ಟ್ರಯಂಫ್‌ನಲ್ಲಿ ಚೆಕ್ ವಾಲ್ವ್ ದಾಟಿ ಆಯಿಲ್ ಇಳಿಯುತ್ತಿದೆಯಾ? ಸರಿಮಾಡುವ ಪೂರ್ತಿ ಕ್ರಮ

ಟ್ಯಾಂಕಿನಲ್ಲಿ ಆಯಿಲ್ ಅರ್ಧಕ್ಕಿಂತ ಕೆಳಗೆ ಹೋಗಿದೆ, ನೆಲದ ಮೇಲೆ ನೋಡಿದರೆ ಒಂದು ಹನಿಯೂ ಇಲ್ಲ. ಹಳೇ ಟ್ರಯಂಫ್ ಟ್ವಿನ್ (ಎರಡು ಸಿಲಿಂಡರಿನ ಬೈಕ್) ಇಟ್ಟುಕೊಂಡವರಿಗೆ ಇದು ಗೊತ್ತಿರುವ ಕಾಟ. ಆಯಿಲ್ ಎಲ್ಲೂ ಹೊರಗೆ ಹೋಗಿಲ್ಲ. ಪಂಪಿನ ಚೆಕ್ ವಾಲ್ವ್ (ಆಯಿಲ್ ಒಂದೇ ಕಡೆಗೆ ಹೋಗಲು ಬಿಡುವ ಸಣ್ಣ ಬಾಲ್ ಮತ್ತು ಸ್ಪ್ರಿಂಗ್) ದಾಟಿ ಕ್ರಾಂಕ್‌ಕೇಸ್ ಒಳಗೆ, ಅಂದರೆ ಎಂಜಿನ್ ತಳಕ್ಕೆ, ಇಳಿದು ಕೂತಿದೆ. ಬಾಲ್ ಬದಲಿಸಿದೆ, ಸ್ಪ್ರಿಂಗ್ ಬದಲಿಸಿದೆ, ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ ಅಂತ ಹೇಳುವವರೇ ಜಾಸ್ತಿ. ಹೀಗಾಗುವುದಕ್ಕೆ ಕೈಗುಣ ಕಾರಣವಲ್ಲ, ಕೆಲಸದ ಕ್ರಮ ಕಾರಣ. ಪಂಪಿನಲ್ಲಿ ಎರಡು ಬಾಲ್ ಇವೆ, ಎರಡಕ್ಕೂ ಬೇರೆ ಬೇರೆ ಕೆಲಸ. ಯಾವುದು ಕೆಟ್ಟಿದೆ ಅಂತ ಬಿಚ್ಚುವ ಮೊದಲೇ ತಿಳಿಯಬೇಕು. ಸರಿಯಾಗಿದೆಯಾ ಅಂತ ವಾಪಸ್ ಕೂರಿಸುವ ಮೊದಲೇ ಟೇಬಲ್ ಮೇಲೆ ನೋಡಬೇಕು. ಈ ಎರಡನ್ನು ಬಿಟ್ಟವರೇ ಮತ್ತೆ ಮತ್ತೆ ಕವರ್ ಬಿಚ್ಚುತ್ತಾ ಇರುತ್ತಾರೆ.

ಇಲ್ಲಿ ಹೇಳುವುದು 1963ರಿಂದ ಬಂದ 650 ಸಿಸಿ ಯೂನಿಟ್ (ಎಂಜಿನ್, ಗೇರ್‌ಬಾಕ್ಸ್ ಒಂದೇ ಕೇಸಿನಲ್ಲಿರುವ) ಟ್ವಿನ್‌ಗಳ ಬಗ್ಗೆ, ಅಂದರೆ ಟಿ120 ಬಾನೆವಿಲ್, ಟಿಆರ್6 ಇಂಥವು. 1971ರಿಂದ ಫ್ರೇಮಿನೊಳಗೇ ಆಯಿಲ್ ತುಂಬುವ ಗಾಡಿಗಳಿಗೂ, ಆಮೇಲಿನ ಟಿ140ಗೂ ಬಹುಪಾಲು ಇದೇ ಅನ್ವಯಿಸುತ್ತದೆ. ಕೊನೆಯ ಕಾಲದ ಟಿ140ಗಳಲ್ಲಿ ಮಾತ್ರ ನಾಲ್ಕು ಬಾಲ್ ಇರುವ ಪಂಪ್ ಬಂತು. ಬಿಎಸ್‌ಎ ಎ65ನಲ್ಲಿ ಪಂಪು ಗೇರಿನದು, ಬಾಲ್ ಮತ್ತು ಸ್ಪ್ರಿಂಗ್ ಬೇರೆಯಾಗಿ ಕ್ರಾಂಕ್‌ಕೇಸಿನಲ್ಲೇ ಇರುತ್ತವೆ. ಹಳೇ ಕಾಸ್ಟ್ ಐರನ್ ಬುಲೆಟ್‌ನ ಪಂಪಿನ ಜಾತಿಯೇ ಬೇರೆ, ಬುಲೆಟ್ ಇಟ್ಟುಕೊಂಡವರು ಇದನ್ನು ಹಿಡಿದು ಬಿಚ್ಚಲು ಹೋಗಬೇಡಿ.

ಮೊದಲು ಆಯಿಲ್ ಹೋಗುವ ದಾರಿ

ಇದು ಅರ್ಥವಾದರೆ ಅರ್ಧ ಕೆಲಸ ಮುಗಿದ ಹಾಗೆ. ಪಂಪಿನಲ್ಲಿ ಎರಡು ಪ್ಲಂಜರ್ ಇವೆ. ಸಣ್ಣದು ಫೀಡ್, ದೊಡ್ಡದು ಸ್ಕ್ಯಾವೆಂಜ್. ಫೀಡ್ ಪ್ಲಂಜರ್ ಟ್ಯಾಂಕಿನ ಆಯಿಲ್ ತೆಗೆದುಕೊಂಡು ಕ್ರಾಂಕಿಗೆ ಒತ್ತುತ್ತದೆ. ಸ್ಕ್ಯಾವೆಂಜ್ ಪ್ಲಂಜರ್ ಎಂಜಿನ್ ತಳಕ್ಕೆ ಬಿದ್ದ ಆಯಿಲನ್ನು ಎಳೆದು ಟ್ಯಾಂಕಿಗೆ ವಾಪಸ್ ಕಳಿಸುತ್ತದೆ. ತಳದಲ್ಲಿ ಆಯಿಲ್ ನಿಲ್ಲಬಾರದು ಅಂತಲೇ ಸ್ಕ್ಯಾವೆಂಜ್ ಕಡೆ ದೊಡ್ಡ ಪ್ಲಂಜರ್ ಇಟ್ಟಿದ್ದಾರೆ.

ಪ್ರತಿ ಪ್ಲಂಜರಿನ ಕೆಳಗೆ ಒಂದು ಬಾಲ್, ಅದರ ಕೆಳಗೆ ಒಂದು ಸ್ಪ್ರಿಂಗ್, ಅದನ್ನು ಹಿಡಿದುಕೊಂಡು ಚೌಕ ತಲೆಯ ಒಂದು ಪ್ಲಗ್. ಸ್ಪ್ರಿಂಗ್ ಬಾಲನ್ನು ಮೇಲಕ್ಕೆ, ಹಿತ್ತಾಳೆಯ ಸೀಟಿಗೆ ಒತ್ತಿ ಹಿಡಿದಿರುತ್ತದೆ. ಪ್ಲಂಜರ್ ಕೆಳಗೆ ಬಂದಾಗ ಆಯಿಲ್ ಬಾಲನ್ನು ತಳ್ಳಿಕೊಂಡು ಹೋಗುತ್ತದೆ, ಮೇಲೆ ಹೋದಾಗ ಬಾಲ್ ಮುಚ್ಚಿಕೊಳ್ಳುತ್ತದೆ.

ಎಂಜಿನ್ ನಿಂತಾಗ ಟ್ಯಾಂಕಿನ ಆಯಿಲ್ ಪಂಪಿಗಿಂತ ಎತ್ತರದಲ್ಲಿದೆ, ಅಲ್ವಾ? ಅದರ ಭಾರವೆಲ್ಲ ಫೀಡ್ ಬಾಲಿನ ಮೇಲೆ. ಸೀಟಿನಲ್ಲಿ ಕೂದಲೆಳೆಯಷ್ಟು ಕಸ ಸಿಕ್ಕಿದರೂ ಆಯಿಲ್ ಸಂದಿಯಲ್ಲಿ ನುಸುಳಿ ಕ್ರಾಂಕಿಗೆ ಹೋಗಿ, ಬಿಗ್ ಎಂಡ್‌ಗಳಿಂದ (ಕನೆಕ್ಟಿಂಗ್ ರಾಡ್ ಕ್ರಾಂಕಿಗೆ ಸೇರುವ ಬೇರಿಂಗ್‌ಗಳು) ಇಳಿದು ತಳ ಸೇರುತ್ತದೆ. ಸ್ಕ್ಯಾವೆಂಜ್ ಬಾಲ್ ಕೆಟ್ಟರೆ ಆಗುವುದು ಇನ್ನೊಂದು ಬಗೆ. ಎಂಜಿನ್ ಓಡುತ್ತಿರುವಾಗಲೇ ಪಂಪಿಗೆ ಆಯಿಲ್ ಎಳೆಯಲು ಆಗುವುದಿಲ್ಲ, ಕಳಿಸಿದ್ದು ಮತ್ತೆ ಹಿಂದಕ್ಕೆ ಬರುತ್ತದೆ, ಹಾಗಾಗಿ ತಳದಲ್ಲಿ ಆಯಿಲ್ ಏರುತ್ತಾ ಹೋಗುತ್ತದೆ.

ನಿಂತಾಗ ತುಂಬಿದರೆ ಫೀಡ್ ಕಡೆ ನೋಡಿ, ಓಡುವಾಗ ತುಂಬಿದರೆ ಸ್ಕ್ಯಾವೆಂಜ್ ಕಡೆ ನೋಡಿ. ಮುಂದಿನದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಎಚ್ಚರಿಕೆಯ ಲಕ್ಷಣಗಳು

ಸ್ಟಾರ್ಟ್ ಮಾಡಿದ ತಕ್ಷಣ ಸೈಲೆನ್ಸರಿನಿಂದ ದಟ್ಟ ನೀಲಿ ಹೊಗೆ, ಒಂದೆರಡು ನಿಮಿಷಕ್ಕೆ ಕಮ್ಮಿಯಾಗುತ್ತದೆ. ಬ್ರೀದರ್ ಪೈಪಿನಿಂದ ಆಯಿಲ್ ಉಗುಳುತ್ತದೆ. ಕಿಕ್ಕರ್ ಭಾರ ಅನ್ನಿಸುತ್ತದೆ. 1970ರ ಸುಮಾರಿನಿಂದ ಬಂದ ಎಂಜಿನ್‌ಗಳಲ್ಲಿ ಕ್ರಾಂಕ್‌ಕೇಸ್ ಪ್ರೈಮರಿ ಕವರಿನ (ಕ್ಲಚ್ ಇರುವ ಎಡಗಡೆಯ ಕವರ್) ಮೂಲಕವೇ ಉಸಿರಾಡುತ್ತದೆ. ಅಲ್ಲಿ ತಳ ತುಂಬಿದರೆ ಆಯಿಲ್ ಪ್ರೈಮರಿಗೂ ಏರಿ ಕ್ಲಚ್ ಜಾರತೊಡಗುತ್ತದೆ. ಕ್ಲಚ್ ಪ್ಲೇಟ್ ಹೋಗಿದೆ ಅಂತ ದುಡ್ಡು ಸುರಿಯುವ ಮೊದಲು ತಳದ ಪ್ಲಗ್ ಒಮ್ಮೆ ಬಿಚ್ಚಿ ನೋಡಿ.

ಒಂದು ಕೆಲಸ ಮಾತ್ರ ದಯವಿಟ್ಟು ಮಾಡಬೇಡಿ. ಟ್ಯಾಂಕ್ ಖಾಲಿ ಕಂಡ ಕೂಡಲೇ ಹೊಸ ಆಯಿಲ್ ಸುರಿಯಬೇಡಿ. ತಳದಲ್ಲಿ ಕೂತಿದ್ದು ವಾಪಸ್ ಬಂದಾಗ ಟ್ಯಾಂಕ್ ತುಂಬಿ ಹೊರಗೆ ಚೆಲ್ಲುತ್ತದೆ, ಹಿಂದಿನ ಟೈರಿನ ಮೇಲೂ ಬೀಳುತ್ತದೆ. ಆ ಟೈರಿನಲ್ಲಿ ತಿರುವು ತೆಗೆದುಕೊಂಡರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಬೇಕಾದ ಸಾಮಾನು

ಎಎಫ್ ಮತ್ತು ವಿಟ್‌ವರ್ತ್ (ಇಂಚಿನ ಎರಡು ಬೇರೆ ಬೇರೆ ಪದ್ಧತಿ) ಎರಡೂ ಅಳತೆಯ ಸ್ಪ್ಯಾನರ್ ಇರಲಿ, ಈ ಗಾಡಿಗಳಲ್ಲಿ ಎರಡೂ ಬೆರೆತಿರುತ್ತವೆ. ಮಿಲಿಮೀಟರ್ ಸ್ಪ್ಯಾನರಿನಲ್ಲಿ ನಟ್ಟಿನ ಮೂಲೆ ಸವೆಸಬೇಡಿ. ಟೈಮಿಂಗ್ ಕವರಿನ (ಎಂಜಿನ್ ಬಲಗಡೆಯ ಕವರ್, ಪಂಪು ಇದರೊಳಗಿದೆ) ಸ್ಕ್ರೂಗಳಿಗೆ ಇಂಪ್ಯಾಕ್ಟ್ ಡ್ರೈವರ್ ಬೇಕು. ಅಡ್ವಾನ್ಸ್ ಯೂನಿಟ್ (ವೇಗಕ್ಕೆ ತಕ್ಕಂತೆ ಕಿಡಿಯ ಸಮಯ ಬದಲಿಸುವ ಭಾಗ) ಎಳೆಯುವ ಬೋಲ್ಟ್, ಸರ್ಕ್ಲಿಪ್ ಪ್ಲೈಯರ್, ಭೂತಗನ್ನಡಿ, ಸಣ್ಣ ಟಾರ್ಚ್, ಸಿರಿಂಜ್, ಅಳತೆಯ ಲೋಟ, ಅರ್ಧ ಮೀಟರ್ ಪಾರದರ್ಶಕ ಪೈಪು ಇಟ್ಟುಕೊಳ್ಳಿ. ವೈಸ್ ಇದ್ದರೆ ದವಡೆಗೆ ಅಲ್ಯುಮಿನಿಯಂ ತಗಡು ಹಾಕಿ. ಒರೆಸಲು ನೂಲು ಬಿಡದ ಬಟ್ಟೆಯೇ ಬೇಕು. ಕಾಟನ್ ವೇಸ್ಟ್ ಪಂಪಿನ ಹತ್ತಿರಕ್ಕೂ ಬರಬಾರದು.

ಬಿಡಿಭಾಗದಲ್ಲಿ 7/32 ಇಂಚಿನ ಎರಡು ಬಾಲ್, ಎರಡು ಸ್ಪ್ರಿಂಗ್, ಪಂಪಿನ ಪ್ಯಾಕಿಂಗ್, ಟೈಮಿಂಗ್ ಕವರಿನ ಎರಡು ಆಯಿಲ್ ಸೀಲ್, ತಳದ ಪ್ಲಗ್ಗಿನ ಪ್ಯಾಕಿಂಗ್. ಬಾಲ್ ವಿಷಯದಲ್ಲಿ ಹುಷಾರು. ಸೈಕಲ್ ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವುದು 3/16 ಮತ್ತು 1/4 ಇಂಚಿನದು, ಎರಡೂ ಇಲ್ಲಿಗೆ ಆಗದು. ಬೇರಿಂಗ್ ಅಂಗಡಿಯಲ್ಲಿ ಕೇಳಿ, ಕ್ಯಾಲಿಪರ್ ಹಿಡಿದು ನೋಡಿ, 5.56 ಮಿ.ಮೀ. ಬರಬೇಕು. ಬೆಂಗಳೂರಿನವರು ಜೆ.ಸಿ. ರೋಡ್ ಕಡೆ ಹೋದರೆ ಬಾಲ್, ಸೀಲ್ ಇಂಥವಕ್ಕೆ ಒಂದು ಸುತ್ತು ಸಾಕಾಗಬಹುದು. ಸ್ಪ್ರಿಂಗ್ ಮಾತ್ರ ಈ ಪಂಪಿಗೆಂದೇ ಮಾಡಿದ್ದನ್ನು ತರಿಸಿ. ಹೊಸದರ ಉದ್ದ 1/2 ಇಂಚು ಇರಬೇಕು.

ಹಂತ 1: ಬಿಚ್ಚುವ ಮೊದಲು ಅಳೆಯಿರಿ

ಗಾಡಿಯನ್ನು ಒಂದು ಹದಿನೈದು ನಿಮಿಷ ಓಡಿಸಿ, ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ನಿಲ್ಲಿಸಿದ ತಕ್ಷಣ ತಳದ ಪ್ಲಗ್ ಬಿಚ್ಚಿ ಬರುವ ಆಯಿಲನ್ನು ಅಳತೆ ಲೋಟಕ್ಕೆ ಹಿಡಿಯಿರಿ. ಆಯಿಲ್ ಸುಡುತ್ತದೆ, ಕೈಗವಸು ಹಾಕಿಕೊಳ್ಳಿ. ಸುಮಾರು 100 ಮಿ.ಲೀ. ಒಳಗಿದ್ದರೆ ಸ್ಕ್ಯಾವೆಂಜ್ ತನ್ನ ಕೆಲಸ ಮಾಡುತ್ತಿದೆ. ಕಾಲು ಲೀಟರ್ ದಾಟಿದರೆ ಅದು ಸೋತಿದೆ.

ಈಗ ಪ್ಲಗ್ ಹಾಕಿ, ಟ್ಯಾಂಕಿನ ಆಯಿಲ್ ಮಟ್ಟಕ್ಕೆ ಗುರುತು ಮಾಡಿ, ರಾತ್ರಿ ಪೂರ್ತಿ ಬಿಡಿ. ಬೆಳಗ್ಗೆ ಸ್ಟಾರ್ಟ್ ಮಾಡದೆ ಮತ್ತೆ ತಳ ಬಿಚ್ಚಿ ಅಳೆಯಿರಿ. ಎಂಜಿನ್ ಗೋಡೆಗಳಿಂದ ಇಳಿದ ಸ್ವಲ್ಪ ಆಯಿಲ್ ಇದ್ದೇ ಇರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ರಾತ್ರಿಯಲ್ಲಿ ಟ್ಯಾಂಕಿನ ಮಟ್ಟ ಕಣ್ಣಿಗೆ ಕಾಣುವಷ್ಟು ಇಳಿದು, ಅಷ್ಟೇ ಆಯಿಲ್ ತಳದಲ್ಲಿ ಸಿಕ್ಕರೆ ಫೀಡ್ ಕಡೆ ಸೋರುತ್ತಿದೆ ಅಂತ ಖಾತ್ರಿ.

ಎರಡು ಅಂಕಿಯನ್ನೂ ಬರೆದಿಡಿ. ಕೆಲಸ ಮುಗಿದ ಮೇಲೆ ಇವುಗಳ ಜೊತೆಗೇ ಹೋಲಿಸಬೇಕು. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಒಂದಿಷ್ಟು ಇಳಿಯುವುದು ಒಳ್ಳೇ ಪಂಪಿನಲ್ಲೂ ಇದ್ದದ್ದೇ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲ ಪೂರ್ತಿ ಗಾಡಿ ಮುಚ್ಚಿಟ್ಟು ಆಮೇಲೆ ತೆಗೆದಾಗ ತಳ ತುಂಬಿರುವುದನ್ನು ನೋಡಿ ಪಂಪ್ ಬಿಚ್ಚಲು ಕೂರಬೇಡಿ. ತಳ ಖಾಲಿ ಮಾಡಿ, ನಾಲ್ಕು ದಿನ ಓಡಿಸಿ, ಆಮೇಲೆ ಒಂದು ರಾತ್ರಿಯ ಪರೀಕ್ಷೆ ಮಾಡಿ. ಎಷ್ಟೋ ಸಲ ಬಾಲಿನ ಮೇಲೆ ಕೂತ ಅಂಟು ಅಷ್ಟರಲ್ಲೇ ಹೋಗಿರುತ್ತದೆ.

ಹಂತ 2: ಸ್ಕ್ಯಾವೆಂಜ್ ಸೋತಿದ್ದರೆ ಪೈಪು ಮೊದಲು

ಫೀಡ್ ಕಡೆ ಮಾತ್ರ ತೊಂದರೆ ಇದ್ದವರು ಇದನ್ನು ದಾಟಿ ಹೋಗಬಹುದು.

ತಳದ ಪ್ಲಗ್ ತೆಗೆದರೆ ಒಳಗೆ ಆಯಿಲ್ ಎಳೆಯುವ ಸಣ್ಣ ಪೈಪು ಕಾಣುತ್ತದೆ. ಅದಕ್ಕೆ ಪಾರದರ್ಶಕ ಪೈಪನ್ನು ಬಿಗಿಯಾಗಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ಶುದ್ಧ ಆಯಿಲ್ ಇರುವ ಲೋಟದಲ್ಲಿ ಮುಳುಗಿಸಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಕಿಕ್ಕರ್ ತುಳಿಯುತ್ತಾ ಹೋಗಿ. ಆಯಿಲ್ ಪೈಪಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು, ತುಳಿಯುವುದು ನಿಲ್ಲಿಸಿದಾಗ ಅಲ್ಲೇ ನಿಲ್ಲಬೇಕು. ಏರಿ ಮತ್ತೆ ಇಳಿದರೆ ಬಾಲ್ ಹಿಡಿಯುತ್ತಿಲ್ಲ. ಗುಳ್ಳೆ ಗುಳ್ಳೆಯಾಗಿ ಏರಿದರೆ, ಅಥವಾ ಏರದೇ ಇದ್ದರೆ, ಎಲ್ಲೋ ಗಾಳಿ ಎಳೆಯುತ್ತಿದೆ. ಆಗ ಆ ಪೈಪು ಕ್ರಾಂಕ್‌ಕೇಸಿನಲ್ಲಿ ಸಡಿಲವಾಗಿದೆಯಾ, ಬಿರುಕು ಬಿಟ್ಟಿದೆಯಾ, ಪಂಪಿನ ಹಿಂದಿನ ಪ್ಯಾಕಿಂಗ್ ಹರಿದಿದೆಯಾ ನೋಡಬೇಕು. ಬಿರುಕು ಬಿಟ್ಟ ಪೈಪು ಇಟ್ಟುಕೊಂಡು ಹೊಸ ಪಂಪ್ ತಂದು ಹಾಕಿದರೂ ತಳ ತುಂಬುತ್ತಲೇ ಇರುತ್ತದೆ.

ಹಂತ 3: ಪಂಪಿನವರೆಗೆ ಹೋಗುವುದು

ಟ್ಯಾಂಕಿನ ಆಯಿಲ್ ಪೂರ್ತಿ ಬಸಿದುಬಿಡಿ. ಪೈಪನ್ನು ಕ್ಲಾಂಪಿನಲ್ಲಿ ಅಮುಕಿ ಕೆಲಸ ಮಾಡೋಣ ಅನ್ನಿಸುತ್ತದೆ. ಹಳೇ ರಬ್ಬರ್ ಒಳಗೇ ಸೀಳಿ ಅದರ ಚೂರು ನೇರ ಪಂಪಿಗೆ ಹೋಗುತ್ತದೆ, ಬೇಡ. ಹೇಗೂ ಬಸಿದಿದ್ದೀರಿ, ಟ್ಯಾಂಕಿನ ಜಾಲರಿ ಫಿಲ್ಟರನ್ನೂ ತೆಗೆದು ತೊಳೆಯಿರಿ. ತಳದ ಪ್ಲಗ್ಗಿನ ಜಾಲರಿಯನ್ನೂ ಬಿಡಬೇಡಿ.

ಬಲಗಡೆ ಪಾಯಿಂಟ್ಸ್ (ಕಿಡಿಯ ಸಮಯಕ್ಕೆ ಕರೆಂಟ್ ಕಡಿಯುವ ಸ್ವಿಚ್) ಕವರ್ ತೆಗೆಯಿರಿ. ಪಾಯಿಂಟ್ಸ್ ಪ್ಲೇಟು ಎಲ್ಲಿ ಕೂತಿದೆ ಅಂತ ಕವರಿಗೂ ಪ್ಲೇಟಿಗೂ ಸೇರಿಸಿ ಒಂದು ಗೆರೆ ಎಳೆಯಿರಿ, ಫೋಟೋ ತೆಗೆದುಕೊಳ್ಳಿ. ಪ್ಲೇಟು ಬಿಚ್ಚಿದ ಮೇಲೆ ಅಡ್ವಾನ್ಸ್ ಯೂನಿಟ್ಟಿನ ನಡುವಿನ ಬೋಲ್ಟ್ ತೆಗೆದು, ಎಳೆಯುವ ಬೋಲ್ಟ್ ತಿರುಗಿಸಿ ಟೇಪರಿನಿಂದ ಬಿಡಿಸಿ. ಅದು ಹೇಗೆ ಕೂತಿತ್ತು ಅನ್ನುವುದಕ್ಕೂ ಗುರುತು ಬೇಕು. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದವರಿಗೂ ಇದೇ ಮಾತು. ಇಲ್ಲಿ ಗುರುತು ಮಾಡದಿದ್ದರೆ ಆಯಿಲ್ ಕೆಲಸಕ್ಕೆ ಕೂತವರು ಟೈಮಿಂಗ್ ಕೂಡಿಸುತ್ತಾ ಕೂರಬೇಕಾಗುತ್ತದೆ.

ಕೆಳಗೆ ಟ್ರೇ ಇಟ್ಟು ಟೈಮಿಂಗ್ ಕವರಿನ ಸ್ಕ್ರೂ ಬಿಚ್ಚಿ. ಉದ್ದ ಗಿಡ್ಡ ಇರುತ್ತವೆ, ರಟ್ಟಿನ ಮೇಲೆ ಕವರಿನ ಆಕಾರ ಬರೆದು ಅದರದರ ಜಾಗಕ್ಕೆ ಚುಚ್ಚಿಡಿ. ಕವರ್ ಅಂಟಿಕೊಂಡಿದ್ದರೆ ಮರದ ಸುತ್ತಿಗೆಯಲ್ಲಿ ಸುತ್ತಲೂ ಮೆಲ್ಲಗೆ ತಟ್ಟಿ. ಸಂದಿಗೆ ಸ್ಕ್ರೂ ಡ್ರೈವರ್ ಹಾಕಿ ಮೀಟಿದರೆ ಆ ಗಾಯದಿಂದ ಜೀವನಪೂರ್ತಿ ಆಯಿಲ್ ಜಿನುಗುತ್ತದೆ.

ಪಂಪು ಒಳಗೆ ಹಿಂಭಾಗದಲ್ಲಿ ಇದೆ. ಇನ್‌ಲೆಟ್ ಕ್ಯಾಮ್‌ಶಾಫ್ಟಿನ ನಟ್ಟಿನಲ್ಲಿರುವ ಮೊಳೆ ಒಂದು ಸಣ್ಣ ಜಾರುವ ಬ್ಲಾಕಿನ ಮೂಲಕ ಎರಡೂ ಪ್ಲಂಜರನ್ನು ಮೇಲೆ ಕೆಳಗೆ ಆಡಿಸುತ್ತದೆ. ಎರಡು ಶಂಕುವಿನಾಕಾರದ ನಟ್ ಬಿಚ್ಚಿ ಪಂಪನ್ನು ನೇರ ಮುಂದಕ್ಕೆ ಎಳೆಯಿರಿ. ಬ್ಲಾಕು ಕೈತಪ್ಪಿ ಬೀಳುತ್ತದೆ, ಹಿಡಿದುಕೊಳ್ಳಿ. ಅದರ ಬದಿಗಳನ್ನು ನೋಡಿ. ಪಂಪಿನಲ್ಲಿ ಮೊದಲು ಸವೆಯುವುದು ಈ ಬ್ಲಾಕೇ. ಸ್ಲಾಟಿನಲ್ಲಿ ಗಡಗಡ ಅಲ್ಲಾಡಿದರೆ ಹೊಸದು ಹಾಕಿ.

ಬಿಚ್ಚಿದ ಮೇಲೆ ಹಳೇ ಪ್ಯಾಕಿಂಗ್ ನೋಡುವುದನ್ನು ಮರೆಯಬೇಡಿ. ಫೀಡ್ ರಂಧ್ರದಿಂದ ಅಂಚಿನವರೆಗೆ ಆಯಿಲ್ ಹರಿದ ಗುರುತು ಇದ್ದರೆ ನಿಮ್ಮ ಬಾಲ್ ಸರಿಯಾಗೇ ಇರಬಹುದು. ಟ್ಯಾಂಕಿನ ಆಯಿಲ್ ಪ್ಯಾಕಿಂಗಿನ ಸಂದಿಯಿಂದಲೇ ಟೈಮಿಂಗ್ ಕವರಿನೊಳಗೆ ಇಳಿದು ಅಲ್ಲಿಂದ ತಳಕ್ಕೆ ಹೋಗಿರುತ್ತದೆ.

ಹಂತ 4: ಏನೂ ಬಿಚ್ಚದೆ ಒಂದು ಪರೀಕ್ಷೆ

ಕೈಗೆ ಬಂದ ಪಂಪನ್ನು ಹಾಗೇ ತೊಳೆಯಬೇಡಿ. ಮೊದಲು ಅದರ ಈಗಿನ ಸ್ಥಿತಿ ನೋಡಿ. ಸಿರಿಂಜಿನಲ್ಲಿ ಆಯಿಲ್ ತುಂಬಿ, ಎರಡೂ ಹೊರಹೋಗುವ ರಂಧ್ರಗಳಲ್ಲಿ ಆಯಿಲ್ ಬರುವವರೆಗೆ ಪ್ಲಂಜರ್ ಒತ್ತಿ. ಒಳಬರುವ ರಂಧ್ರಗಳನ್ನು ಹೆಬ್ಬೆರಳಿನಲ್ಲಿ ಮುಚ್ಚಿ, ಪ್ಲಂಜರನ್ನು ಸ್ವಲ್ಪವೇ ಸ್ವಲ್ಪ ಮೇಲೆ ಎಳೆಯಿರಿ. ಹೊರಹೋಗುವ ರಂಧ್ರದಲ್ಲಿ ನಿಂತ ಆಯಿಲ್ ಕದಲಬಾರದು. ಯಾವ ಕಡೆ ಒಳಕ್ಕೆ ಇಳಿಯಿತೋ ಆ ಕಡೆಯ ಬಾಲ್ ಕೂರುತ್ತಿಲ್ಲ. ಇದು ಕಾರ್ಖಾನೆಯ ಕೈಪಿಡಿಯಲ್ಲೇ ಇರುವ ಪರೀಕ್ಷೆ. ಒಂದನೇ ಹಂತದ ಅಳತೆ ಹೇಳಿದ್ದೂ ಇದು ಹೇಳಿದ್ದೂ ಒಂದೇ ಆದರೆ ಸರಿಯಾದ ದಾರಿಯಲ್ಲಿದ್ದೀರಿ.

ಹಂತ 5: ಬಾಲ್, ಸ್ಪ್ರಿಂಗ್, ಸೀಟ್

ಪಂಪನ್ನು ತಲೆಕೆಳಗಾಗಿ ವೈಸಿನಲ್ಲಿ ಹಗುರವಾಗಿ ಹಿಡಿಯಿರಿ. ಹಿತ್ತಾಳೆ ಮೆತ್ತಗಿನ ಲೋಹ. ಬಿಗಿಯಾಗಿ ಅಮುಕಿದರೆ ರಂಧ್ರದ ದುಂಡು ಕೆಟ್ಟು ಪ್ಲಂಜರ್ ಹಿಡಿದುಕೊಳ್ಳುತ್ತದೆ, ಆಮೇಲೆ ಆ ಪಂಪು ಕೆಲಸಕ್ಕೆ ಬರುವುದಿಲ್ಲ. ಚೌಕ ತಲೆಯ ಪ್ಲಗ್ಗಿಗೆ ಸರಿಯಾಗಿ ಕೂರುವ ಸ್ಪ್ಯಾನರ್ ಬಳಸಿ. ಫೀಡ್ ಕಡೆಯದನ್ನೂ ಸ್ಕ್ಯಾವೆಂಜ್ ಕಡೆಯದನ್ನೂ ಬೇರೆ ಬೇರೆ ಡಬ್ಬಿಯಲ್ಲಿಡಿ. ಪ್ಲಂಜರ್ ತೆಗೆದು ಎಲ್ಲವನ್ನೂ ಪೆಟ್ರೋಲಿನಲ್ಲಿ, ಮನೆಯ ಹೊರಗೆ ಕೂತು, ತೊಳೆಯಿರಿ. ಪ್ರತಿ ರಂಧ್ರಕ್ಕೂ ಗಾಳಿ ಹೊಡೆಯಿರಿ.

ಈಗ ಭೂತಗನ್ನಡಿ ತೆಗೆದುಕೊಳ್ಳಿ, ಟಾರ್ಚನ್ನು ಓರೆಯಾಗಿ ಹಿಡಿದು ಸೀಟು ನೋಡಿ. ಒಳ್ಳೇ ಸೀಟಿನಲ್ಲಿ ಕೂದಲಿನಷ್ಟು ತೆಳ್ಳಗಿನ, ಹೊಳೆಯುವ ಒಂದು ಉಂಗುರ ಸುತ್ತಲೂ ಎಲ್ಲೂ ತುಂಡಾಗದೆ ಕಾಣುತ್ತದೆ. ಆ ಉಂಗುರ ಒಂದು ಕಡೆ ಅಗಲವಾಗಿ ಇನ್ನೊಂದು ಕಡೆ ಮಾಯವಾಗಿದ್ದರೆ ಬಾಲ್ ಓರೆಯಾಗಿ ಕೂರುತ್ತಿದೆ. ಉಂಗುರಕ್ಕೆ ಅಡ್ಡಲಾಗಿ ಒಂದು ಕಪ್ಪು ಗೀಟು ಇದ್ದರೆ ಆಯಿಲ್ ನುಸುಳುವ ಜಾಗ ಅದೇ. ಎಷ್ಟೋ ಪಂಪುಗಳಲ್ಲಿ ಇಷ್ಟೂ ಇರುವುದಿಲ್ಲ, ಸೀಟಿನ ಅಂಚಿಗೆ ಕೆಂಪೋ ನೀಲಿಯೋ ಸಿಲಿಕೋನ್ ಅಂಟಿನ ಒಂದು ಎಳೆ ಅಂಟಿಕೊಂಡಿರುತ್ತದೆ. ಹಿಂದೆ ಯಾರೋ ಕವರಿಗೆ ಧಾರಾಳವಾಗಿ ಬಳಿದದ್ದು ಕಿತ್ತು ಬಂದು ಇಲ್ಲಿ ಸೇರಿದ್ದು.

ಸೀಟಿನಲ್ಲಿ ಸಣ್ಣ ಗೀಟು ಮಾತ್ರ ಇದ್ದರೆ ಹೀಗೆ ಮಾಡಿ. ಹಳೇ ಬಾಲನ್ನು ಒರೆಸಿ ಸೀಟಿನ ಮೇಲಿಡಿ. ಹಿತ್ತಾಳೆಯ ಸರಳಿನ ತುದಿಯನ್ನು ನೇರವಾಗಿ ಬಾಲಿನ ಮೇಲಿಟ್ಟು, ಸಣ್ಣ ಸುತ್ತಿಗೆಯಲ್ಲಿ ಚುರುಕಾದ ಒಂದೇ ಏಟು ಕೊಡಿ. ಹಿತ್ತಾಳೆ ಬಾಲಿನ ದುಂಡಗೆ ಒಗ್ಗಿಕೊಂಡು ಹೊಸ ಉಂಗುರ ಮೂಡುತ್ತದೆ. ಮತ್ತೆ ಗನ್ನಡಿಯಲ್ಲಿ ನೋಡಿ. ಸಾಲದಿದ್ದರೆ ಇನ್ನೊಂದು ಏಟು, ಅಷ್ಟೇ. ಏಟು ತಿಂದ ಆ ಬಾಲನ್ನು ಎಸೆದು ಹೊಸ ಬಾಲ್ ಹಾಕಿ.

ಇಲ್ಲಿ ಜನ ಎಡವುವ ಜಾಗಗಳು ಮೂರು. ಒಂದು, ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಉಜ್ಜುವುದು. ಪೇಸ್ಟಿನ ಹರಳು ಹಿತ್ತಾಳೆಯಲ್ಲಿ ನೆಟ್ಟು ನಿಲ್ಲುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ, ಆಮೇಲೆ ಅದು ಹೋಗುವುದು ಬಿಗ್ ಎಂಡ್ ಬೇರಿಂಗಿಗೆ. ಎರಡು, ಹಳೇ ಸ್ಪ್ರಿಂಗನ್ನು ಎಳೆದು ಉದ್ದ ಮಾಡುವುದು. ಎಳೆದ ಸ್ಪ್ರಿಂಗ್ ಓರೆ ನಿಲ್ಲುತ್ತದೆ, ಬಾಲನ್ನು ಒಂದು ಬದಿಗೆ ಒತ್ತುತ್ತದೆ, ಸ್ವಲ್ಪ ದಿನಕ್ಕೆ ಮತ್ತೆ ಕುಗ್ಗುತ್ತದೆ. ಮೂರು, ಗಟ್ಟಿ ಸ್ಪ್ರಿಂಗ್ ಹಾಕಿದರೆ ಚೆನ್ನಾಗಿ ಮುಚ್ಚುತ್ತದೆ ಅಂದುಕೊಳ್ಳುವುದು. ಕೆಟ್ಟ ಸೀಟನ್ನು ಸ್ಪ್ರಿಂಗಿನ ಬಲದಿಂದ ಮುಚ್ಚಿಸಲು ಆಗದು, ಸುಮ್ನೆ ಪಂಪಿನ ಕೆಲಸ ಭಾರ ಮಾಡಿದಂತೆ.

ಸೀಟು ಆಳವಾಗಿ ತಿಂದುಹೋಗಿದ್ದರೆ ಲೇತ್ ಕೆಲಸದಲ್ಲಿ ನುರಿತವರು ಅದನ್ನು ತೆಳ್ಳಗೆ ಹೊಸದಾಗಿ ಕತ್ತರಿಸಬಲ್ಲರು. ಆದರೆ ಪ್ಲಂಜರನ್ನೂ ನೋಡಿ ನಿರ್ಧಾರ ಮಾಡಿ. ಆಯಿಲ್ ಸವರಿದ ಪ್ಲಂಜರ್ ರಂಧ್ರದಲ್ಲಿ ರೇಷ್ಮೆಯಂತೆ ಜಾರಬೇಕು, ಅಕ್ಕಪಕ್ಕ ಅಲ್ಲಾಡಬಾರದು. ಉದ್ದುದ್ದ ಗೀಟುಗಳು ಉಗುರಿಗೆ ತಾಗಿದರೆ ಆ ಪಂಪಿಗೆ ದುಡ್ಡು ಹಾಕಬೇಡಿ. ಬಾಲ್ ಎಷ್ಟೇ ಚೆನ್ನಾಗಿ ಕೂತರೂ ಪ್ಲಂಜರಿನ ಪಕ್ಕದಿಂದ ಆಯಿಲ್ ಇಳಿಯುತ್ತದೆ. ಹೊಸ ಪಂಪು ಸಿಗುತ್ತದೆ, ಆ ಖರ್ಚು ಕ್ರಾಂಕ್ ಕೆಲಸಕ್ಕಿಂತ ಎಷ್ಟೋ ಕಮ್ಮಿ.

ಹಂತ 6: ಟೇಬಲ್ ಮೇಲೆ ಒಂದು ರಾತ್ರಿ

ಬಾಲ್, ಸ್ಪ್ರಿಂಗ್, ಪ್ಲಗ್ ಹಾಕಿ ಬಿಗಿ ಮಾಡಿ, ಪ್ಲಂಜರ್ ಹಾಕಿ ನಾಲ್ಕನೇ ಹಂತದ ಪರೀಕ್ಷೆಯನ್ನು ಮತ್ತೆ ಮಾಡಿ. ಪಾಸಾಯಿತು ಅಂತ ಕೂಡಲೇ ಗಾಡಿಗೆ ಹಾಕಬೇಡಿ. ಹೆಬ್ಬೆರಳಿನ ಪರೀಕ್ಷೆ ದೊಡ್ಡ ಸೋರಿಕೆ ಹಿಡಿಯುತ್ತದೆ, ನಿಧಾನದ್ದನ್ನು ಹಿಡಿಯುವುದಿಲ್ಲ.

ಫೀಡಿನ ಒಳಬರುವ ರಂಧ್ರಕ್ಕೆ ಪಾರದರ್ಶಕ ಪೈಪನ್ನು ರಬ್ಬರ್ ವಾಷರ್ ಕೊಟ್ಟು ಬಿಗಿಯಾಗಿ ಹಿಡಿಸಿ. ಪೈಪನ್ನು ನೇರ ನಿಲ್ಲಿಸಿ ಒಂದಡಿ ಎತ್ತರಕ್ಕೆ ಆಯಿಲ್ ತುಂಬಿ. ಗಾಡಿಯಲ್ಲಿ ಟ್ಯಾಂಕಿನ ಭಾರ ಬೀಳುವ ರೀತಿಯೇ ಇದು. ಪ್ಲಂಜರನ್ನು ಪೂರ್ತಿ ಮೇಲೆ ಎತ್ತಿ ಅಲ್ಲೇ ನಿಲ್ಲುವ ಹಾಗೆ ಕಟ್ಟಿ. ಇದು ಮುಖ್ಯ. ಪ್ಲಂಜರ್ ಕೆಳಗಿದ್ದರೆ ಅದೇ ಒಳಬರುವ ರಂಧ್ರವನ್ನು ಮುಚ್ಚಿಬಿಡುತ್ತದೆ, ಕೆಟ್ಟ ಬಾಲೂ ಒಳ್ಳೆಯದಾಗಿ ಕಾಣುತ್ತದೆ. ಪೈಪಿಗೆ ಗೆರೆ ಹಾಕಿ, ಕೆಳಗೆ ಬಿಳಿ ಕಾಗದ ಹಾಸಿ, ಮಲಗಿ.

ಬೆಳಗ್ಗೆ ಮಟ್ಟ ಇಳಿದಿದ್ದರೆ ಎಲ್ಲಿಂದ ಅಂತ ನೋಡಿ. ಹೊರಹೋಗುವ ರಂಧ್ರ ಒದ್ದೆಯಿದ್ದರೆ ಬಾಲ್. ಪ್ಲಂಜರಿನ ಮೇಲ್ಭಾಗ ಒದ್ದೆಯಿದ್ದರೆ ಪ್ಲಂಜರ್ ಸವೆದಿದೆ. ಪ್ಲಗ್ಗಿನ ಸುತ್ತ ಒದ್ದೆಯಿದ್ದರೆ ಪ್ಲಗ್ಗಿನ ದಾರ. ಈ ಮೂರನ್ನು ಬೇರೆ ಮಾಡಿ ತೋರಿಸುವ ಪರೀಕ್ಷೆ ಗಾಡಿಯ ಮೇಲೆ ಮಾಡಲು ಬರುವುದಿಲ್ಲ, ಅದಕ್ಕೇ ಈ ಒಂದು ರಾತ್ರಿ ಕಾಯಿರಿ ಅನ್ನುವುದು.

ಹಂತ 7: ವಾಪಸ್ ಜೋಡಣೆ

ಕ್ರಾಂಕ್‌ಕೇಸಿನ ಮೇಲೆ ಪಂಪು ಕೂರುವ ಜಾಗವನ್ನು ಪ್ಲಾಸ್ಟಿಕ್ ಚೂರಿನಲ್ಲಿ ಕೆರೆದು ಶುಚಿ ಮಾಡಿ. ಕೆರೆಯುವಾಗ ಆಯಿಲ್ ರಂಧ್ರಗಳಿಗೆ ಗ್ರೀಸ್ ತುಂಬಿ ಮುಚ್ಚಿಡಿ, ಆಮೇಲೆ ಕಸದ ಸಮೇತ ಗ್ರೀಸ್ ತೆಗೆಯಿರಿ. ಹೊಸ ಪ್ಯಾಕಿಂಗನ್ನು ಪಂಪಿನ ಮೇಲಿಟ್ಟು ಪ್ರತಿ ರಂಧ್ರ ಸರಿಯಾಗಿ ಹೊಂದುತ್ತದೆಯಾ ನೋಡಿ. ಅರ್ಧ ಮುಚ್ಚಿದ ರಂಧ್ರದಿಂದ ಎಂಜಿನ್ ಸೀಜ್ ಆಗಬಹುದು. ಪ್ಯಾಕಿಂಗಿಗೆ ಯಾವ ಅಂಟೂ ಬೇಡ.

ಪಂಪಿನೊಳಗೆ ಆಯಿಲ್ ತುಂಬಿ ಕೂರಿಸಿ, ಬ್ಲಾಕು ಸ್ಲಾಟಿನಲ್ಲಿ ಕೂತಿದೆ ಅಂತ ನೋಡಿಕೊಂಡು, ಎರಡೂ ನಟ್ಟನ್ನು ಸಮವಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಜೋರು ಬೇಡ. ಈಗ ಕಿಕ್ಕರನ್ನು ಕೈಯಲ್ಲಿ ನಿಧಾನ ಒತ್ತಿ ಪ್ಲಂಜರ್ ಆಡುವುದನ್ನು ನೋಡಿ. ಎಲ್ಲಾದರೂ ಹಿಡಿದ ಹಾಗೆ ಅನ್ನಿಸಿದರೆ ನಟ್ ಸಡಿಲಿಸಿ ಮತ್ತೆ ಕೂರಿಸಿ.

ಟೈಮಿಂಗ್ ಕವರಿನಲ್ಲಿ ಕ್ರಾಂಕಿನ ತುದಿ ಹೋಗುವ ಸೀಲ್ ಹೊಸದು ಹಾಕಿ. ಆಯಿಲ್ ಒತ್ತಡ ಕವರಿನ ಒಳಗಿನಿಂದ ಕ್ರಾಂಕಿಗೆ ಬರುತ್ತದೆ, ಹಾಗಾಗಿ ಸೀಲಿನ ಸ್ಪ್ರಿಂಗ್ ಇರುವ ತೆರೆದ ಮುಖ ಆ ಒತ್ತಡದ ಕಡೆಗೇ ಇರಬೇಕು, ಅಂದರೆ ಕವರಿನ ಕಡೆಗೆ. ಉಲ್ಟಾ ಹಾಕಿದರೆ ಒತ್ತಡ ನಿಲ್ಲುವುದಿಲ್ಲ. ಸರ್ಕ್ಲಿಪ್ ತನ್ನ ತೋಡಿನಲ್ಲಿ ಪೂರ್ತಿ ಕೂತಿದೆಯಾ ಬೆರಳಾಡಿಸಿ ನೋಡಿ. ಕವರ್ ಹಾಕುವಾಗ ಕ್ರಾಂಕಿನ ತುದಿಗೂ ಕ್ಯಾಮ್‌ಶಾಫ್ಟಿನ ತುದಿಗೂ ಆಯಿಲ್ ಸವರಿ, ಕವರನ್ನು ಮೆಲ್ಲಗೆ ಅತ್ತಿತ್ತ ತಿರುವುತ್ತಾ ಒಳಗೆ ಬಿಡಿ. ಸೀಲಿನ ತುಟಿ ಮಡಚಿಕೊಳ್ಳುವುದು ಇಲ್ಲೇ.

ಕವರಿನ ಅಂಚಿಗೆ ಗಟ್ಟಿಯಾಗದ ಜಾಯಿಂಟಿಂಗ್ ಅಂಟನ್ನು ಬೆರಳಿನಲ್ಲಿ ತೆಳ್ಳಗೆ ಸವರಿದರೆ ಸಾಕು. ಟ್ಯೂಬಿನಿಂದ ಸಿಲಿಕೋನ್ ಹಿಂಡಿ ದಪ್ಪ ಗೆರೆ ಎಳೆಯಬೇಡಿ. ಒಳಕ್ಕೆ ಉಬ್ಬಿದ ಸಿಲಿಕೋನ್ ಕಿತ್ತು ಬಂದು ಎಲ್ಲಿ ಹೋಗುತ್ತದೆ ಅಂತ ಐದನೇ ಹಂತದಲ್ಲಿ ನೋಡಿದ್ದೀರಿ.

ಹಂತ 8: ಮೊದಲ ಸ್ಟಾರ್ಟ್

ಟ್ಯಾಂಕಿಗೆ ಆಯಿಲ್ ತುಂಬಿ. ನಮ್ಮ ಸೆಖೆಗೆ 20ಡಬ್ಲ್ಯು-50 ಒಪ್ಪುತ್ತದೆ. ತೆಳು ಆಯಿಲ್ ಹಾಕಿದರೆ ಇರುವ ಸಣ್ಣ ಸಂದಿಯಲ್ಲೂ ಬೇಗ ನುಸುಳುತ್ತದೆ. ಫೀಡ್ ಪೈಪಿನ ಗಾಳಿ ತೆಗೆಯಲು ಎಂಜಿನ್ ಕಡೆಯ ಜಾಯಿಂಟನ್ನು ಸ್ವಲ್ಪ ಸಡಿಲಿಸಿ ಆಯಿಲ್ ಬಂದ ಮೇಲೆ ಬಿಗಿ ಮಾಡಿ. ಕ್ರಾಂಕ್‌ಕೇಸಿಗೂ ಒಂದು ಟೀ ಲೋಟ ಆಯಿಲ್ ಹಾಕಿ, ಸ್ಕ್ಯಾವೆಂಜ್ ಒಣಗಿ ಓಡಬಾರದು. ಸ್ಪಾರ್ಕ್ ಪ್ಲಗ್ ಇಲ್ಲದೆ, ಟ್ಯಾಂಕಿನ ರಿಟರ್ನ್ ಪೈಪಿನಲ್ಲಿ ಆಯಿಲ್ ಕಾಣುವವರೆಗೂ ಕಿಕ್ಕರ್ ತುಳಿಯಿರಿ. ಕಾಲು ನೋಯುತ್ತದೆ, ಪರವಾಗಿಲ್ಲ, ಒಣ ಬೇರಿಂಗಿನಲ್ಲಿ ಎಂಜಿನ್ ಓಡುವುದಕ್ಕಿಂತ ಇದೇ ವಾಸಿ.

ಸ್ಟಾರ್ಟ್ ಆದ ಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ರಿಟರ್ನ್ ನೋಡಿ. ಮೊದಲು ಆಯಿಲ್ ಧಾರೆಯಾಗಿ ಬರುತ್ತದೆ, ಸ್ವಲ್ಪ ಹೊತ್ತಿಗೆ ಗಾಳಿ ಬೆರೆತು ತಡೆದು ತಡೆದು ಬರುತ್ತದೆ. ಇದನ್ನು ಕಂಡು ಗಾಬರಿಯಾಗುವವರಿದ್ದಾರೆ. ಇದು ಒಳ್ಳೇ ಲಕ್ಷಣ. ತಳ ಖಾಲಿಯಾಗಿದೆ, ದೊಡ್ಡ ಪ್ಲಂಜರ್ ಆಯಿಲ್ ಜೊತೆ ಗಾಳಿಯನ್ನೂ ಎಳೆಯುತ್ತಿದೆ ಅಂತ ಅರ್ಥ. ಬಿಡದೆ ದಪ್ಪ ಧಾರೆಯೇ ಬರುತ್ತಿದ್ದರೆ ತಳದಲ್ಲಿ ಇನ್ನೂ ಆಯಿಲ್ ಇದೆ. ಏನೂ ಬರದಿದ್ದರೆ ಕೂಡಲೇ ನಿಲ್ಲಿಸಿ. ಆಯಿಲ್ ಪ್ರೆಷರ್ ಗೇಜ್ ಹಾಕಲು ಆಗುವವರು ಹಾಕಿ ನೋಡಿ: ಬಿಸಿ ಎಂಜಿನ್ನಿನಲ್ಲಿ ಐಡ್ಲಿಂಗ್‌ಗೆ 20-25 ಪೌಂಡ್ (ಚದರ ಇಂಚಿಗೆ, ಅಂದರೆ ಪಿಎಸ್‌ಐ), ಓಡುವ ವೇಗದಲ್ಲಿ 65-80 ಪೌಂಡ್ ಬರಬೇಕು.

ಹಂತ 9: ಅದೇ ಎರಡು ಅಳತೆ, ಮತ್ತೊಮ್ಮೆ

ಒಂದನೇ ಹಂತದ ಎರಡೂ ಅಳತೆಯನ್ನು ಹಾಗೇ ಮತ್ತೆ ಮಾಡಿ, ಬರೆದಿಟ್ಟ ಅಂಕಿ ಪಕ್ಕದಲ್ಲಿಟ್ಟು ನೋಡಿ. ರಾತ್ರಿಯ ಅಳತೆ ಇಳಿದು ಓಡಿದ ಮೇಲಿನ ಅಳತೆ ಇಳಿಯದಿದ್ದರೆ ಎರಡನೇ ಹಂತಕ್ಕೆ ವಾಪಸ್ ಹೋಗಿ. ಟೇಬಲ್ ಮೇಲೆ ಹಿಡಿದ ಪಂಪು ಗಾಡಿಯಲ್ಲಿ ರಾತ್ರಿ ಸೋರುತ್ತಿದ್ದರೆ ಪ್ಯಾಕಿಂಗ್ ಕೂತಿಲ್ಲ, ಇಲ್ಲವೇ ಕೊನೇ ಗಳಿಗೆಯಲ್ಲಿ ಪೈಪಿನಿಂದ ಕಸ ಬಂದು ಬಾಲಿನಲ್ಲಿ ಸಿಕ್ಕಿದೆ. ಫೀಡ್ ಪೈಪ್ ಒಳಗೆ ಬಿರುಕು ಬಿಟ್ಟ ಹಳೇ ರಬ್ಬರ್ ಇದ್ದರೆ ಅದನ್ನೇ ಮೊದಲು ಬದಲಿಸಿ.

ಪೈಪಿಗೆ ನಲ್ಲಿ ಹಾಕಿಸೋಣವಾ?

ಬೇಡ. ಟ್ಯಾಂಕಿನ ಫೀಡ್ ಪೈಪಿಗೆ ನಲ್ಲಿ ಹಾಕಿ ನಿಲ್ಲಿಸಿದಾಗೆಲ್ಲ ಮುಚ್ಚಿದರೆ ಆಯಿಲ್ ಇಳಿಯುವುದು ನಿಲ್ಲುತ್ತದೆ, ನಿಜ. ತೆಗೆಯಲು ಒಂದೇ ಒಂದು ದಿನ ಮರೆತರೆ ಎಂಜಿನ್ ಮುಗಿಯಿತು. ಮನೆಯವರು, ಸ್ನೇಹಿತರು, ಸರ್ವಿಸಿಗೆ ತೆಗೆದುಕೊಂಡು ಹೋದ ಹುಡುಗ, ಇವರಲ್ಲಿ ಯಾರಿಗೆ ಆ ನಲ್ಲಿಯ ವಿಷಯ ಗೊತ್ತಿರುತ್ತದೆ? ಮಧ್ಯೆ ಸ್ಪ್ರಿಂಗ್ ಬಾಲ್ ಇರುವ ಸಿದ್ಧ ವಾಲ್ವೂ ಮಾರಾಟಕ್ಕೆ ಸಿಗುತ್ತದೆ. ಪಂಪು ಅದನ್ನು ಎಳೆದು ತೆಗೆಯಬೇಕು, ಅದು ಅಂಟಿಕೊಂಡ ದಿನ ಕ್ರಾಂಕಿಗೆ ಆಯಿಲ್ ಇಲ್ಲ. ಹಾಕಲೇಬೇಕು ಅನ್ನುವವರು ಮುಚ್ಚಿದ್ದಾಗ ಇಗ್ನಿಷನ್ ಕರೆಂಟ್ ಕಡಿದುಹಾಕುವ ಸ್ವಿಚ್ ಇರುವ ನಲ್ಲಿಯನ್ನೇ ಹಾಕಿ.

ಇದರ ಬದಲು ಆಯಿಲನ್ನು ಶುಚಿಯಾಗಿಡಿ. ಈ ಎಂಜಿನ್‌ಗಳಲ್ಲಿ ಪಂಪಿನ ಮುಂದೆ ಇರುವುದು ಬರೀ ಜಾಲರಿ, ನುಣುಪು ಕಸ ಅದರಲ್ಲಿ ನಿಲ್ಲುವುದಿಲ್ಲ. ಸುಮಾರು 2,400 ಕಿ.ಮೀ.ಗೆ ಆಯಿಲ್ ಬದಲಿಸಿ, ಆಗಲೇ ಎರಡೂ ಜಾಲರಿ ತೊಳೆಯಿರಿ, ತಳದಲ್ಲಿ ಸಿಕ್ಕ ಆಯಿಲನ್ನು ಅಳೆದು ಹಳೇ ಅಂಕಿಯ ಕೆಳಗೆ ಬರೆಯಿರಿ. ವಾರಕ್ಕಿಂತ ಜಾಸ್ತಿ ನಿಂತ ಗಾಡಿಯನ್ನು ತೆಗೆಯುವಾಗ ಮೊದಲು ಟ್ಯಾಂಕಿನ ಮಟ್ಟ ನೋಡಿ. ಇಳಿದಿದ್ದರೆ ತಳದ ಪ್ಲಗ್ ಬಿಚ್ಚಿ ಬಸಿದು, ಶುದ್ಧವಾಗಿದ್ದರೆ ಬಟ್ಟೆಯಲ್ಲಿ ಸೋಸಿ ಟ್ಯಾಂಕಿಗೇ ವಾಪಸ್ ಹಾಕಿ, ಆಮೇಲೆ ಕಿಕ್ಕರ್ ಮೇಲೆ ಕಾಲಿಡಿ.